ಟಿಪ್ಪಿಂಗ್ ಟ್ರೈಲರ್: ಒತ್ತಡ ಏರಿಸುವ ಮೊದಲು ಕೆಳಗಿನ ಪಿನ್ನನ್ನು ಇಳಿಸಿ

ಬಾಡಿಯನ್ನು ಹಿಂದಕ್ಕೆ ವಾಲಿಸಿ ಸರಕು ಸುರಿಯುವ ತಮ್ಮ ಟ್ರೈಲರ್ ಬಗ್ಗೆ ಗುಂಪಿನಲ್ಲಿ ಬರೆದಿದ್ದೀರಿ. ತಾವು ಹಾಕಿರುವ ಚಿತ್ರದಲ್ಲಿ ಚಾಸಿಯ 100 ಮಿ.ಮೀ. ಚಾನೆಲ್‌ಗಳ ನಡುವೆ, ಎಣ್ಣೆಯ ಒತ್ತಡದಿಂದ ಬಾಡಿ ಎತ್ತುವ ಸಿಲಿಂಡರ್ ಬಹುತೇಕ ಮಲಗಿಕೊಂಡಿದೆ. ಖಾಲಿ ಬಾಡಿ ಏಳುತ್ತದೆ, ಸರಕು ಸೇರಿ 2 ಟನ್ ಆದರೆ ಅಲುಗುವುದಿಲ್ಲ, ಹಾಗಾಗಿ ಎಣ್ಣೆಯ ಗರಿಷ್ಠ ಒತ್ತಡವನ್ನು ಮಿತಿಯಲ್ಲಿಡುವ ರಿಲೀಫ್ ವಾಲ್ವನ್ನು 150ರಿಂದ 210 ಬಾರ್‌ಗೆ ಏರಿಸಲು ಹೊರಟಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಆ ವಾಲ್ವಿನ ಸ್ಕ್ರೂ ಮುಟ್ಟಬೇಡಿ. ನನ್ನ ಮೊದಲ ಟ್ರೈಲರ್‌ನಲ್ಲಿಯೂ ಸಿಲಿಂಡರ್ ಹೀಗೆಯೇ ಮಲಗಿತ್ತು. ಒತ್ತಡ ಏರಿಸಿದಾಗ ಬಾಡಿ ಏಳಲಿಲ್ಲ, ಸಿಲಿಂಡರಿನ ಬುಡ ಹೊತ್ತಿದ್ದ ಅಡ್ಡ ಚಾನೆಲ್ ತಿರುಚಿಕೊಂಡಿತು.

ತಾವು ಕೊಟ್ಟಿರುವ ಅಳತೆಗಳನ್ನೇ ಹಿಡಿದು ಲೆಕ್ಕ ಹಾಕೋಣ. ಬಾಡಿ ತಿರುಗುವ ಹಿಂದಿನ ಹಿಂಜಿನಿಂದ (ಕೀಲಿನಿಂದ) ಭಾರದ ಕೇಂದ್ರ 1.2 ಮೀಟರ್, ಸಿಲಿಂಡರನ್ನು ಬಾಡಿಗೆ ಸೇರಿಸುವ ಮೇಲಿನ ಪಿನ್ 1 ಮೀಟರ್ ದೂರ. ಹಿಂಜಿನಿಂದ ಮೇಲಿನ ಪಿನ್ನಿಗೆ ಎಳೆದ ಗೆರೆಗೂ ಸಿಲಿಂಡರಿಗೂ ನಡುವೆ 10 ಡಿಗ್ರಿ ಮಾತ್ರ ಇದ್ದರೆ, 2 ಟನ್ ಎತ್ತಲು ಸಿಲಿಂಡರ್ ಸುಮಾರು 13.8 ಟನ್ ಬಲದಿಂದ ತಳ್ಳಬೇಕು. 80 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರ್ 150 ಬಾರ್‌ನಲ್ಲಿ ಕೊಡುವುದು ಏಳೂವರೆ ಟನ್ನಿನಷ್ಟು. 210 ಬಾರ್‌ಗೆ ಏರಿಸಿದರೂ ಹತ್ತೂವರೆ ಟನ್ ದಾಟುವುದು ಕಷ್ಟ. ಅಂದರೆ ಬಾಡಿ ಆಗಲೂ ಏಳುವುದಿಲ್ಲ, ಹೋಸ್ ಮತ್ತು ಸೀಲುಗಳು ಮಾತ್ರ ಅಪಾಯಕ್ಕೆ ಸಿಲುಕುತ್ತವೆ. ಅದೇ ಕೋನವನ್ನು 20 ಡಿಗ್ರಿ ಮಾಡಿದರೆ ಬೇಕಾಗುವ ಬಲ 7 ಟನ್ನಿಗೆ ಇಳಿಯುತ್ತದೆ. ಮುಚ್ಚಿದಾಗ ಪಿನ್ನಿನಿಂದ ಪಿನ್ನಿಗೆ 620 ಮಿ.ಮೀ. ಇರುವ ತಮ್ಮ ಸಿಲಿಂಡರಿಗೆ ಇದರ ಅರ್ಥ ಇಷ್ಟೇ: ಸಿಲಿಂಡರನ್ನು ಚಾಸಿಗೆ ಸೇರಿಸುವ ಕೆಳಗಿನ ಪಿನ್ ಈಗಿರುವ ಜಾಗಕ್ಕಿಂತ 10-11 ಸೆಂ.ಮೀ. ಕೆಳಗಿಳಿಯಬೇಕು.

ಇದನ್ನು ಕಾಗದದ ಮೇಲೆ ನಂಬಬೇಡಿ, ನೆಲದ ಮೇಲೆ ಬರೆಯಿರಿ. ನಾನು ಪ್ರತಿ ಬಾರಿಯೂ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಟ್ರೈಲರ್‌ನ ಪಕ್ಕನೋಟವನ್ನು ನಿಜ ಗಾತ್ರದಲ್ಲಿಯೇ ಬರೆಯುತ್ತೇನೆ: ಚಾಸಿ, ಆಕ್ಸಲ್, ಚಕ್ರ, ನೆಲದ ಗೆರೆ, ಹಿಂಜ್, ಎಲ್ಲವೂ ಇರಬೇಕು. ಬಾಡಿಗೆ ಬದಲಾಗಿ ಒಂದು ಉದ್ದನೆಯ ಮರದ ಪಟ್ಟಿಯನ್ನು ಹಿಂಜಿನ ಬಿಂದುವಿನಲ್ಲಿ ತಿರುಗುವಂತೆ ಇಟ್ಟು, ಅದರ ಮೇಲೆ ಮೇಲಿನ ಪಿನ್ನಿನ ಜಾಗಕ್ಕೆ ಮೊಳೆ ಹೊಡೆದು, ಅಲ್ಲಿಂದ ಕೆಳಗಿನ ಪಿನ್ನಿಗೆ ದಾರ ಎಳೆಯಿರಿ. ದಾರವೇ ಸಿಲಿಂಡರ್. ಈಗ ಹಿಂಜಿನಿಂದ ಆ ದಾರಕ್ಕೆ ಮೂಲೆಮಟ್ಟ ಹಿಡಿದು ಲಂಬ ದೂರವನ್ನು ಅಳೆಯಿರಿ. ಸಿಲಿಂಡರಿನ ಸನ್ನೆಯ ಉದ್ದ ಅದೇ, ಕೋನಮಾನದ ಕೋಷ್ಟಕ ಬೇಕಾಗಿಲ್ಲ. ತಮ್ಮ ಚಿತ್ರದಲ್ಲಿ ಅದು 17 ಸೆಂ.ಮೀ. ಇದೆ, ಪಿನ್ ಇಳಿಸಿದರೆ 34 ಆಗುತ್ತದೆ. ಭಾರವನ್ನು 1.2 ಮೀಟರಿನಿಂದ ಗುಣಿಸಿ ಈ ದೂರದಿಂದ ಭಾಗಿಸಿದರೆ ಬೇಕಾದ ಬಲ ಸಿಗುತ್ತದೆ. ಬಳಿಕ ಪಟ್ಟಿಯನ್ನು 15, 30, 45 ಡಿಗ್ರಿಗೆ ಎತ್ತಿ ಪ್ರತಿ ಸಲವೂ ದಾರದ ಉದ್ದವನ್ನು ಗುರುತಿಸಿಕೊಳ್ಳಿ. 45 ಡಿಗ್ರಿಗೆ 350 ಮಿ.ಮೀ.ನಷ್ಟು ಸ್ಟ್ರೋಕ್ (ಸಿಲಿಂಡರಿನ ಸರಳು ಹೊರಬರುವ ದೂರ) ಸಾಕಾಗುವುದು ಆಗ ತಮಗೇ ಕಾಣುತ್ತದೆ. ತಮ್ಮ 400 ಮಿ.ಮೀ. ಸ್ಟ್ರೋಕಿನ ಸಿಲಿಂಡರ್ ಸರಿಯಾಗಿಯೇ ಇದೆ. ಸಿಲಿಂಡರ್ ಆಕ್ಸಲಿಗೆ ತಗಲುತ್ತದೆಯೇ, ನೆಲಕ್ಕೂ ಹೊಸ ಬ್ರಾಕೆಟ್ಟಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ಕಬ್ಬಿಣ ಕತ್ತರಿಸಿದ ಮೇಲೆ ಗೊತ್ತಾದರೆ ಏನು ಪ್ರಯೋಜನ?

20 ಡಿಗ್ರಿಯಲ್ಲಿಯೂ 80ರ ಬೋರ್ ಅಂಚಿನಲ್ಲಿಯೇ ಇರುತ್ತದೆ. ಒದ್ದೆ ಮಣ್ಣು ತುಂಬಿದ ದಿನ, ಅಥವಾ ಭಾರ ಮುಂದಕ್ಕೆ ಬಿದ್ದ ದಿನ, ಅದು ಮತ್ತೆ ನಿಲ್ಲುತ್ತದೆ. ಸಿಲಿಂಡರ್ ಬದಲಿಸಲು ಸಾಧ್ಯವಿದ್ದರೆ 100 ಮಿ.ಮೀ. ಬೋರ್ ಹಾಕಿ, ಅದೇ ಭಾರ 90 ಬಾರ್ ಆಸುಪಾಸಿನಲ್ಲಿ ಏಳುತ್ತದೆ, ಎಣ್ಣೆ 2 ಲೀಟರಿನ ಬದಲು 3 ಲೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಟ್ರ್ಯಾಕ್ಟರಿನ ಎಣ್ಣೆಯನ್ನೇ ಬಳಸುವವರು ಬಾಡಿ ಪೂರ್ತಿ ಎತ್ತಿದಾಗ ಅದರ ಮಟ್ಟ ಕನಿಷ್ಠ ಗುರುತಿಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು. ಗುಂಪಿನಲ್ಲಿ ಒಬ್ಬರು ಸೂಚಿಸಿದ ಟೆಲಿಸ್ಕೋಪಿಕ್ ಸಿಲಿಂಡರ್ (ಒಂದರೊಳಗೊಂದು ಕೂರುವ ಹಂತಗಳುಳ್ಳದ್ದು) ಒಳ್ಳೆಯದೇ, ಏಕೆಂದರೆ ಅದರಲ್ಲಿ ದೊಡ್ಡ ಹಂತ ಮೊದಲು ಹೊರಬರುವುದರಿಂದ ಬಲ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಹೆಚ್ಚು ಸಿಗುತ್ತದೆ. ಆದರೆ ಅದಕ್ಕೆ ಎರಡೂ ದಿಕ್ಕಿಗೆ ತೂಗುವ ತೊಟ್ಟಿಲು (ಸಿಲಿಂಡರನ್ನು ಹಿಡಿದಿಡುವ ಚೌಕಟ್ಟು) ಬೇಕು; ಬಾಡಿ ಸ್ವಲ್ಪ ವಾಲಿದರೂ ಪಕ್ಕದ ಬಲ ಅದರ ಸೀಲುಗಳನ್ನು ತಿನ್ನುತ್ತದೆ.

ಈಗ ವೆಲ್ಡಿಂಗ್ ವಿಷಯ. ಸಿಲಿಂಡರ್ ಕೆಳಗಿನ ಬ್ರಾಕೆಟ್ಟನ್ನು ಹಿಂದಕ್ಕೆ ತಳ್ಳುತ್ತದೆ, ಅಷ್ಟೇ ಬಲದಿಂದ ಹಿಂಜನ್ನು ಮುಂದಕ್ಕೆ ಎಳೆಯುತ್ತದೆ. ಆದ್ದರಿಂದ ಆ ಎರಡರ ನಡುವೆ ನೇರವಾಗಿ ಉಕ್ಕು ಇರಲೇಬೇಕು. ಒಂದೇ ಅಡ್ಡ ಚಾನೆಲ್‌ಗೆ ಬ್ರಾಕೆಟ್ ಅಂಟಿಸಿ ಬಿಡುವುದು ಕೆಲಸವೇ ಅಲ್ಲ. ಬಾಕ್ಸ್ ಸೆಕ್ಷನ್‌ನಿಂದ ತೊಟ್ಟಿಲು ಮಾಡಿ ಎರಡೂ ಚಾಸಿ ಚಾನೆಲ್‌ಗಳಿಗೆ ಕೂರಿಸಿ, ಅದರಿಂದ ಹಿಂಜಿನ ಬುಡದವರೆಗೆ ಎರಡೂ ಕಡೆ ಓರೆ ಪಟ್ಟಿ ಕೊಡಿ. ಹಿಂಜುಗಳನ್ನು ಟ್ಯಾಕ್ ಮಾಡುವಾಗ (ತಾತ್ಕಾಲಿಕ ವೆಲ್ಡ್ ಚುಕ್ಕೆ ಇಡುವಾಗ) ಎರಡರೊಳಗೂ ಒಂದೇ ಉದ್ದನೆಯ ಸರಳು ತೂರಿಸಿರಬೇಕು. ಇಲ್ಲವಾದರೆ ಸಾಲು ತಪ್ಪಿ ಪಿನ್ನುಗಳು ಹಿಡಿದುಕೊಳ್ಳುತ್ತವೆ. ಬಾಡಿ ಕೆಳಗಿಳಿದಾಗ ಚಾಸಿಯ ಮೇಲೆ ಕೂರಬೇಕು, ಸಿಲಿಂಡರಿನ ಮೇಲಲ್ಲ. ಅದಕ್ಕಾಗಿ ಸಿಲಿಂಡರ್ ಪೂರ್ತಿ ಮುಚ್ಚುವ ಮೊದಲೇ, 10 ಮಿ.ಮೀ. ಉಳಿದಿರುವಾಗ, ಬಾಡಿ ರಬ್ಬರ್ ಪಟ್ಟಿಗೆ ತಾಗುವಂತೆ ಇಡಿ.

ಹೋಸ್ ಒಡೆದಾಗ ಬಾಡಿ ಕುಸಿಯದಂತೆ ಎಣ್ಣೆಯನ್ನು ತಡೆಯುವ ಹೋಸ್ ಬರ್ಸ್ಟ್ ವಾಲ್ವನ್ನು ತಾವು ಪಂಪಿನ ಬಳಿ ಹಾಕಿದ್ದೀರಿ. ಹೋಸ್ ಒಡೆದರೆ ಅಲ್ಲಿ ಅದು ಏನನ್ನೂ ತಡೆಯುವುದಿಲ್ಲ. ಸಿಲಿಂಡರಿನ ಪೋರ್ಟಿಗೇ ಅದನ್ನು ಕೂರಿಸಬೇಕು. ಜೋಡಣೆಯ ತಿರುಪಿನ ಎಳೆಗಳಿಗೆ ಸುತ್ತಿರುವ ಟೆಫ್ಲಾನ್ ಟೇಪನ್ನು ಬಿಚ್ಚಿ ಎಸೆಯಿರಿ, ಅದರ ಚೂರುಗಳು ವಾಲ್ವ್ ಸೇರುತ್ತವೆ. ಬಿಎಸ್‌ಪಿ (ಬ್ರಿಟಿಷ್ ಪ್ರಮಾಣದ ಪೈಪ್) ಎಳೆಗೆ ಡೌಟಿ ಸೀಲ್ (ರಬ್ಬರ್ ಅಂಚಿನ ಲೋಹದ ವಾಷರ್) ಹಾಕಿ. ಹೋಸಿನಲ್ಲಿ ಉಳಿತಾಯ ಮಾಡಬೇಡಿ. ಎರಡು ತಂತಿ ಹೆಣಿಗೆಯ, ಒತ್ತಡದ ಗುರುತು ಮುದ್ರಿತವಾಗಿರುವ ಹೋಸೇ ಆಗಬೇಕು. ಪಾರ್ಕರ್ ಅಥವಾ ಗೇಟ್ಸ್ ಕಂಪನಿಯದು ಸಿಕ್ಕರೆ ನಾನು ಬೇರೆಯದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಎತ್ತಿದ ಬಾಡಿಯ ಕೆಳಗೆ ಕೈ ಹಾಕುವ ಮೊದಲು ಉಕ್ಕಿನ ಆಧಾರಗಂಬ ಕೊಡಲೇಬೇಕು, ಅದೂ ಖಾಲಿ ಬಾಡಿಗೆ ಮಾತ್ರ. ತುಂಬಿದ ಬಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು. ತಮ್ಮದು ಒಂದೇ ಆಕ್ಸಲಿನ ಟ್ರೈಲರ್, ಹಿಂಜ್ ಆಕ್ಸಲಿನಿಂದ ಬಹಳ ಹಿಂದಿದೆ. ಸರಕು ಹಿಂದಕ್ಕೆ ಜಾರಿದಾಗ ಮೂಕಿ (ಮುಂದಿನ ಎಳೆಯುವ ದಂಡ) ಮೇಲೇಳುತ್ತದೆ, ಎಳೆಯುವ ವಾಹನದ ಹಿಂಭಾಗವನ್ನೂ ಎತ್ತುತ್ತದೆ. ಕೊಕ್ಕೆಯಿಂದ ಕಳಚಿ ಸುರಿಯುವ ಯೋಚನೆ ಬೇಡ, ಹಿಂದೆ ಎರಡು ಜಾಕ್ ಕಾಲುಗಳನ್ನು ಇಳಿಸಿಯೇ ಎತ್ತಿ. ಹಿಂಬಾಗಿಲನ್ನು ಮೇಲಿನಿಂದ ತೂಗುಹಾಕಿ, ಬಾಡಿ ಎತ್ತುವ ಮೊದಲೇ ಅದರ ಚಿಲಕವನ್ನು ತೆಗೆಯಿರಿ. ಜಾಗ ಇಳಿಜಾರಾಗಿದ್ದರೆ, ಮೇಲೆ ವಿದ್ಯುತ್ ತಂತಿ ಇದ್ದರೆ, ಬೇರೆ ಕಡೆ ಸುರಿಯಿರಿ.

ಪಿನ್ ಇಳಿಸಿ 100ರ ಬೋರ್ ಹಾಕಿದ ಮೇಲೆ ಒತ್ತಡದ ಗೇಜ್ ಒಂದನ್ನು ಕೂಡಿಸಿ, ಮೊದಲು ಖಾಲಿ, ನಂತರ ಅರ್ಧ, ಕೊನೆಗೆ ಪೂರ್ತಿ ಭಾರ ಎತ್ತಿ ನೋಡಿ. ಪೂರ್ತಿ ಭಾರಕ್ಕೆ ಏಳುವ ಕ್ಷಣದಲ್ಲಿ ಗೇಜ್ 120 ಬಾರ್ ದಾಟಿದರೆ ಅಲ್ಲಿಯೇ ನಿಲ್ಲಿಸಿ: ಹಿಂಜ್ ಹಿಡಿದುಕೊಂಡಿದೆ, ಇಲ್ಲವೇ ಅಳತೆ ತಪ್ಪಿದೆ, ಇಲ್ಲವೇ ಭಾರ 2 ಟನ್ನಿಗಿಂತ ಹೆಚ್ಚಿದೆ.