ಬಸ್ ಸ್ಟ್ಯಾಂಡಿನಲ್ಲಿ ಮಗುವಿಗೆ ಎದೆಹಾಲು ಕುಡಿಸಲು ತಾಯಂದಿರು ಯಾಕೆ ಹಿಂಜರಿಯುತ್ತಾರೆ? ಮನೆಗೆ ಹೋಗುವ ತನಕ ಕಾಯಬಾರದಾ?

ಹಿಂಜರಿಕೆಗೆ ಕಾರಣ ಅವರ ನಾಚಿಕೆಗಿಂತ ಜಾಸ್ತಿ ನಮ್ಮ ನೋಟ. ಕಾಯುವುದಂತೂ ಆಗದ ಮಾತು.

ನಮ್ಮ ಹಾಸನದ ಕಡೆ ಗದ್ದೆ ಬದುವಿನಲ್ಲಿ, ಕಾಫಿ ತೋಟದ ಲೈನ್ ಮನೆ ಮುಂದೆ ಸೆರಗು ಮರೆ ಮಾಡಿ ಹಾಲು ಕುಡಿಸುವುದು ಹೊಸದೇನಲ್ಲ. ಅಲ್ಲಿ ಸುತ್ತ ಇರುವವರೆಲ್ಲ ಗುರುತಿನವರು, ಯಾರೂ ತಿರುಗಿ ನೋಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಹೊಸಬರು. ದಿಟ್ಟಿಸುವವರನ್ನು ಗದರುವವರಿಲ್ಲ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಬೇರೆ.

ಹಸುಗೂಸಿಗೆ ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೊರಟರೆ, ಬಸ್ಸಿಗೆ ಕಾಯುವಷ್ಟರಲ್ಲೇ ಮಗುವಿಗೆ ಹಸಿವಾಗುತ್ತದೆ. ಬಾಟಲಿ ಹಾಲು ಕೊಡಲಿ ಅನ್ನುವುದೂ ಸರಿಯಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಮಗು ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಹಾಲು ಇಳಿಯುವಂತೆ ಮಾಡುವುದು ಅದೇ. ಮುಜುಗರ, ಗಾಬರಿ ಆದರೆ ಅದಕ್ಕೆ ತಡೆ ಬೀಳುತ್ತದೆ. ಎದೆಯಲ್ಲಿ ಹಾಲಿದ್ದರೂ ಇಳಿಯುವುದು ನಿಧಾನ. ಮಗು ಅಳುತ್ತದೆ, ಇನ್ನೂ ನಾಲ್ಕು ಜನ ನೋಡುತ್ತಾರೆ, ತಾಯಿಗೆ ಮತ್ತೂ ಗಾಬರಿ. ಎಷ್ಟು ಕಷ್ಟ ಅಲ್ವಾ?

ಸಾರ್ವಜನಿಕ ಜಾಗದಲ್ಲಿ ಹಾಲು ಕುಡಿಸಬಾರದು ಎನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಅದನ್ನು ಕೀಳಾಗಿ ಕಾಣಬಾರದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಲು ಕುಡಿಸುವ ಕೋಣೆಗಳು ಖಂಡಿತ ಬೇಕು. ಆದರೆ ಕೋಣೆ ಇದೆ ಅಂತ ಬೆಂಚಿನ ಮೇಲೆ ಕೂತ ತಾಯಿಯನ್ನು ಎಬ್ಬಿಸುವ ಹಾಗಿಲ್ಲ.