ಮಗುವಿನ ಬಟ್ಟಲಿನ ಮೊಸರು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು, ಬಡಾವಣೆ, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ತಾಯಿಯನ್ನು ಸುಮಾ ಎಂದು ಕರೆಯೋಣ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ಮನೆ ಬನಶಂಕರಿ ಕಡೆ. ಮೂರೂವರೆ ವರ್ಷದ ಮಗಳು, ಹತ್ತು ತಿಂಗಳ ಮಗ. ಹೆರಿಗೆ ರಜೆ ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಹಾಸನದ ಕಡೆಯಿಂದ ಬಂದು ಜೊತೆಗಿದ್ದಾರೆ. ಊಟದ ವಿಚಾರಕ್ಕೆ ಮನೆಯಲ್ಲಿ ನೆಮ್ಮದಿ ಇಲ್ಲವೆಂದು ಮಕ್ಕಳ ವೈದ್ಯರು ಚೀಟಿ ಬರೆದು ಇವರನ್ನು ನನ್ನ ಬಳಿ ಕಳುಹಿಸಿದ್ದರು.

ಮೊದಲ ಭೇಟಿಗೆ ಸುಮಾ ಒಬ್ಬರೇ ಬಂದರು. "ಅತ್ತೆ ಮಗುವಿನ ಮೊಸರಿಗೆ ಸಕ್ಕರೆ ಹಾಕುತ್ತಾರೆ ಮೇಡಂ. ಬೇಡವೆಂದರೆ ಎರಡು ದಿನ ಮಾತಿಲ್ಲ. ಆಫೀಸಿನಲ್ಲಿ ಕುಳಿತಿದ್ದರೂ ಈಗ ಏನು ತಿನ್ನಿಸುತ್ತಿದ್ದಾರೋ ಎಂಬುದೇ ಯೋಚನೆ" ಎಂದರು. ಅತ್ತೆಯ ಸಕ್ಕರೆಗೆ ಬದಲಾಗಿ ಸುಮಾ ಅವರೇ ಅಂಗಡಿಯಿಂದ ಹಣ್ಣಿನ ಸ್ವಾದದ ಯೋಗರ್ಟ್ ತರುತ್ತಿದ್ದರು. ಮಗಳಿಗೆ ದಿನಕ್ಕೆ ಎರಡು ಕಪ್, ಮಗನಿಗೆ ಒಂದು. ಮಗಳ ಎರಡನೆಯ ಕಪ್ ರಾತ್ರಿ ಮಲಗುವ ಮುನ್ನ. ಮುಂದಿನ ಬಾರಿ ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ಮಕ್ಕಳು ತಿನ್ನುವ ಮೊಸರು, ಸಕ್ಕರೆ ಹಾಕುವ ಚಮಚ, ತಿಂದು ಮುಗಿದ ಖಾಲಿ ಕಪ್ ಎಲ್ಲವನ್ನೂ ತನ್ನಿ ಎಂದೆ.

ಇಂಥ ಪ್ರಕರಣಗಳಲ್ಲಿ ಯಾರು ಸರಿ ಎಂಬ ಪ್ರಶ್ನೆಗೆ ನಾನು ಬಾಗಿಲು ತೆರೆಯುವುದೇ ಇಲ್ಲ. ಸಕ್ಕರೆ ಹಾಕುವವರೂ ಕಪ್ ತರುವವರೂ ಮಗು ಹೊಟ್ಟೆ ತುಂಬ ತಿನ್ನಲಿ ಎಂದೇ ಮಾಡುತ್ತಾರೆ. ಜಗಳ ಪ್ರೀತಿಯದ್ದಾದಾಗ ಅದನ್ನು ಅಳತೆಗೆ ಇಳಿಸಬೇಕು. ಅಳತೆಯ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ.

ಎರಡನೆಯ ಭೇಟಿಯಲ್ಲಿ ಮೇಜಿನ ಮೇಲೆ ಸ್ಟೀಲ್ ಡಬ್ಬಿ, ಚಮಚ, ಖಾಲಿ ಕಪ್ ಮೂರೂ ಇದ್ದವು. ಕಪ್‌ನ ಮುಂಭಾಗದಲ್ಲಿ ಹಸುವಿನ ಚಿತ್ರ, ಕ್ಯಾಲ್ಸಿಯಂ ಬಗ್ಗೆ ದೊಡ್ಡ ಅಕ್ಷರ. ಅದನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರವನ್ನು ಸುಮಾ ಅವರಿಂದಲೇ ಓದಿಸಿದೆ. 100 ಗ್ರಾಂಗೆ ಒಟ್ಟು ಸಕ್ಕರೆ 14 ಗ್ರಾಂ, ಸೇರಿಸಿದ ಸಕ್ಕರೆ 9 ಗ್ರಾಂ. ಕಪ್‌ನ ತೂಕ 85 ಗ್ರಾಂ. ಅಂದರೆ ಒಂದು ಕಪ್‌ನಲ್ಲಿ ಸೇರಿಸಿದ ಸಕ್ಕರೆ ಏಳೂವರೆ ಗ್ರಾಂಗೂ ಸ್ವಲ್ಪ ಹೆಚ್ಚು. ಅತ್ತೆಯವರ ಚಮಚದಲ್ಲಿ ತುಂಬಿ ಹಾಕಿದರೂ ಸುಮಾರು 5 ಗ್ರಾಂ. ಸುಮಾ ಅವರ ಕಣ್ಣು ತುಂಬಿತು. ಅತ್ತೆಯವರು ಸೊಸೆಯ ಕೈ ಹಿಡಿದು, "ಇಷ್ಟು ಸಣ್ಣ ಅಕ್ಷರದಲ್ಲಿ ಬರೆದರೆ ಓದುವುದು ಯಾರು, ಬಿಡಮ್ಮ" ಎಂದರು. ಆ ಮಾತಿನ ನಂತರ ನನ್ನ ಕೆಲಸ ಹಗುರವಾಯಿತು.

ಇಬ್ಬರಿಗೂ ಒಟ್ಟಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ಮೊಸರಿನಲ್ಲಿ ತನ್ನದೇ ಆದ ಸಕ್ಕರೆ ಇದೆ. ಹಾಲಿನ ಲ್ಯಾಕ್ಟೋಸ್ ಅದು. ಹೆಪ್ಪು ಹಾಕಿದಾಗ ಅದರಲ್ಲಿ ಒಂದು ಪಾಲು ಹುಳಿಯಾಗಿ, ಉಳಿದದ್ದು 100 ಗ್ರಾಂ ಸಪ್ಪೆ ಮೊಸರಿಗೆ ಸುಮಾರು 4ರಿಂದ 5 ಗ್ರಾಂ. ಅದರ ಬಗ್ಗೆ ಚಿಂತೆ ಬೇಡ. ಕಪ್‌ನ ಹಿಂಬದಿಯಲ್ಲಿ ಒಟ್ಟು ಸಕ್ಕರೆ 5ರ ಆಸುಪಾಸಿನಲ್ಲಿದ್ದು 'ಆಡೆಡ್ ಶುಗರ್ಸ್' ಎದುರು ಸೊನ್ನೆ ಇದ್ದರೆ ಅದು ಮಗುವಿಗೆ ಸರಿಯಾದದ್ದು. ಒಟ್ಟು ಸಕ್ಕರೆ 10 ದಾಟಿದ್ದರೆ ಅದು ಸಿಹಿತಿಂಡಿ ಎಂದೇ ತಿಳಿದು ಅಪರೂಪಕ್ಕೆ ಕೊಡಿ, ಎರಡು ವರ್ಷದೊಳಗಿನವರಿಗಂತೂ ಕೊಡಬೇಡಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಈ ಎರಡೂ ಅಂಕಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಬೇಕೆನ್ನುತ್ತವೆ. ಇಂಗ್ಲಿಷ್ ಓದಲು ಬಾರದ ಅಜ್ಜಿಯೂ ಅಂಕಿ ಓದಬಲ್ಲರು. ಯಾವ ಸಾಲು ಎಂದು ಒಮ್ಮೆ ಬೆರಳಿಟ್ಟು ತೋರಿಸಿದರೆ ಸಾಕು.

ಪದಾರ್ಥಗಳ ಪಟ್ಟಿಯನ್ನೂ ನೋಡಬೇಕು. ಯಾವುದು ಹೆಚ್ಚು ತೂಕವೋ ಅದು ಮೊದಲು ಬರುತ್ತದೆ. ಹಾಲಿನ ಬೆನ್ನಿಗೇ ಸಕ್ಕರೆ ಇದ್ದು, ಹಣ್ಣು ಪಟ್ಟಿಯ ಕೊನೆಗಿದ್ದರೆ ಚಿತ್ರದಲ್ಲಿರುವ ಸ್ಟ್ರಾಬೆರಿಯನ್ನು ನಂಬಬೇಡಿ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಸಾಂದ್ರ, ಇವೆಲ್ಲ ಸಕ್ಕರೆಯೇ. ಸಕ್ಕರೆ ಇಲ್ಲವೆಂದು ಹೇಳಿಕೊಂಡು ಸುಕ್ರಲೋಸ್‌ನಂಥ ಕೃತಕ ಸಿಹಿ ಹಾಕಿದ್ದನ್ನೂ ಪುಟ್ಟ ಮಕ್ಕಳಿಗೆ ಕೊಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಪೂರಕ ಆಹಾರದ ಮಾರ್ಗಸೂಚಿ 6ರಿಂದ 23 ತಿಂಗಳ ಮಕ್ಕಳಿಗೆ ಅದು ಬೇಡವೆಂದು ಸ್ಪಷ್ಟವಾಗಿ ಹೇಳಿದೆ.

"ಹಾಗಾದರೆ ಬೆಲ್ಲ?" ಎಂದು ಅತ್ತೆಯವರು ಕೇಳಿದರು. ಒಳ್ಳೆಯ ಪ್ರಶ್ನೆ, ಪ್ರತಿ ಮನೆಯಲ್ಲೂ ಬರುವ ಪ್ರಶ್ನೆ. ಈ ವಿಚಾರದಲ್ಲಿ ಬೆಲ್ಲವೂ ಕಲ್ಲುಸಕ್ಕರೆಯೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ. ಜೇನುತುಪ್ಪವನ್ನು ವರ್ಷ ತುಂಬುವ ತನಕ ನಾಲಿಗೆಗೂ ಸೋಕಿಸಬಾರದು, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ.

ಮಗಳ ಲೆಕ್ಕ ಬೇರೆ. ಅವಳ ವಯಸ್ಸಿಗೆ ದಿನಕ್ಕೆ ಸುಮಾರು 1,200 ಕಿಲೋ ಕ್ಯಾಲೊರಿ ಎಂದಿಟ್ಟುಕೊಂಡರೆ, ಸಕ್ಕರೆಯಿಂದ ಬರುವ ಕ್ಯಾಲೊರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಶೇಕಡಾ 5ರ ಮಿತಿ 15 ಗ್ರಾಂ ಸಕ್ಕರೆಗೆ ಬಂದು ನಿಲ್ಲುತ್ತದೆ. ಎರಡು ಕಪ್ ಯೋಗರ್ಟ್‌ನಲ್ಲೇ ಅದು ಮುಗಿಯುತ್ತದೆ. ಬಿಸ್ಕತ್ತು, ಹಾಲಿಗೆ ಬೆರೆಸುವ ಪುಡಿ, ಪಕ್ಕದ ಮನೆಯ ಚಾಕೊಲೇಟ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಹುಡುಗಿಯ ಹಲ್ಲು. ನಗಿಸಿ ತುಟಿ ಎತ್ತಿ ನೋಡಿದರೆ ಮೇಲಿನ ಮುಂಭಾಗದ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ ಹೊಂದಿಕೊಂಡಂತೆ, ಸುಣ್ಣದ ಗೆರೆಯಂಥ ಬಿಳಿ ಪಟ್ಟಿ. ಹುಳುಕು ಶುರುವಾಗುವಾಗ ಹೀಗೇ ಕಾಣುತ್ತದೆ. ಈ ಹಂತದಲ್ಲಿ ಸಿಕ್ಕರೆ ಹಲ್ಲು ಕೊರೆಯದೆಯೂ ತಡೆಯಲು ಸಾಧ್ಯವಿದೆ. ಸಿಹಿ ತಿಂದು ಹಲ್ಲುಜ್ಜದೆ ಮಲಗುವ ಮಗುವಿಗೆ ರಾತ್ರಿಯಿಡೀ ಆ ಸಕ್ಕರೆ ಹಲ್ಲಿಗೆ ಅಂಟಿಕೊಂಡಿರುತ್ತದೆ, ನಿದ್ದೆಯಲ್ಲಿ ಜೊಲ್ಲೂ ಕಡಿಮೆ. ರಾತ್ರಿಯ ಕಪ್ ಇಂದೇ ನಿಲ್ಲಲಿ ಎಂದೆ. ಉಳಿದೆಲ್ಲ ವಿಚಾರದಲ್ಲಿ ನಿಧಾನಕ್ಕೆ ಸಮ್ಮತಿಸುವ ನಾನು ಇದೊಂದರಲ್ಲಿ ಪಟ್ಟು ಹಿಡಿದೆ. ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ ದೊಡ್ಡವರೇ ಉಜ್ಜಬೇಕು, ತಮ್ಮನಿಗೆ ಅಕ್ಕಿ ಕಾಳಿನಷ್ಟು ಸಾಕು. ದಂತವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಹಗಲಿನ ಕಪ್ ಬಿಡಿಸುವುದಕ್ಕೆ ಅವಸರ ಬೇಡ. ಸಿಹಿಗೆ ಒಗ್ಗಿದ ನಾಲಿಗೆಗೆ ಸಪ್ಪೆ ಮೊಸರು ಕೊಟ್ಟರೆ ತಳ್ಳುತ್ತದೆ, ತಳ್ಳಿದೊಡನೆ ಮನೆಯವರು ಸೋಲುತ್ತಾರೆ. ಕಪ್‌ನ ಮುಕ್ಕಾಲು ಪಾಲಿಗೆ ಕಾಲು ಪಾಲು ಮನೆಯ ಮೊಸರು ಬೆರೆಸಿ ಆರಂಭಿಸಿ, ಕೆಲವು ದಿನಗಳಿಗೊಮ್ಮೆ ಮನೆಯ ಮೊಸರಿನ ಪಾಲು ಹೆಚ್ಚಿಸಿ. ಕಿವುಚಿದ ಏಲಕ್ಕಿ ಬಾಳೆಹಣ್ಣು, ಸಪೋಟ, ಪರಂಗಿ ಯಾವುದಾದರೂ ಬೆರೆಸಬಹುದು. ಚಿಕ್ಕವನ ನಾಲಿಗೆ ಇನ್ನೂ ಎಳೆಯದು, ಅವನಿಗೆ ನೇರವಾಗಿ ಸಪ್ಪೆ ಮೊಸರೇ ಇರಲಿ. ಮುಖ ಹಿಂಡಿದರೆ ಬೇಡ ಎಂದರ್ಥವಲ್ಲ. ಹೊಸ ರುಚಿಯೊಂದು ಮಗುವಿಗೆ ಒಗ್ಗಲು ಹತ್ತು ಹದಿನೈದು ಬಾರಿ ತೋರಿಸಬೇಕಾಗಬಹುದು.

ಇಲ್ಲಿ ಅತ್ತೆಯವರ ಅನುಭವ ನನ್ನ ಓದಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಮಕ್ಕಳು ಮುಖ ಹಿಂಡುವುದು ಹುಳಿಗೆ, ಹುಳಿಯೇ ಕಡಿಮೆಯಿದ್ದರೆ ಸಕ್ಕರೆಯ ಅಗತ್ಯವೇ ಬೀಳದು. ಗಟ್ಟಿ ಹಾಲು ಚೆನ್ನಾಗಿ ಕಾಯಿಸಿ, ಬೆರಳು ತಾಳುವಷ್ಟು ಬಿಸಿ ಉಳಿದಾಗ ಹೆಪ್ಪು ಹಾಕಿ, ಕೂಡಿದ ಕೂಡಲೇ ಫ್ರಿಜ್‌ಗೆ ಸೇರಿಸಬೇಕು, ಬೆಳಗಿನವರೆಗೆ ಹೊರಗೆ ಬಿಡಬಾರದು ಎಂದು ಅವರೇ ವಿವರಿಸಿದರು. ಬೆಂಗಳೂರಿನ ಡಿಸೆಂಬರ್ ಚಳಿಗೆ ಮೊಸರು ಕೂಡಲು ತಡ, ಆಗ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಇಡುತ್ತಾರಂತೆ. ಹಾಗಾದರೆ ಮಕ್ಕಳ ಮೊಸರಿನ ಉಸ್ತುವಾರಿ ಇನ್ನು ಮುಂದೆ ನಿಮ್ಮದೇ ಎಂದೆ. ಒಂದೇ ಷರತ್ತು ಹಾಕಿದೆ: ಆ ಡಬ್ಬಿಯ ಹತ್ತಿರ ಸಕ್ಕರೆ ಸುಳಿಯಬಾರದು. ಎರಡು ವರ್ಷದವರೆಗೆ ಕೆನೆ ತೆಗೆದ ಹಾಲೂ ಬೇಡ, ಬೆಳೆಯುವ ಮೆದುಳಿಗೆ ಕೊಬ್ಬು ಬೇಕು.

ಮೊಸರು ತಿಂದರೆ ಶೀತವಾಗುತ್ತದೆ ಎಂಬ ಅವರ ಭಯಕ್ಕೂ ಉತ್ತರ ಕೊಡಬೇಕಿತ್ತು. ನೆಗಡಿ ಬರುವುದು ವೈರಸ್‌ನಿಂದ, ಮೊಸರಿನಿಂದಲ್ಲ. ತಣ್ಣಗಿರುವುದು ಬೇಡವೆನಿಸಿದರೆ ಉಣ್ಣಿಸುವ ಸ್ವಲ್ಪ ಮೊದಲು ಬೇಕಾದಷ್ಟನ್ನು ಹೊರಗೆ ತೆಗೆದಿಡಿ. ಆದರೆ ಮೊಸರು ತಿಂದಾಗ ಮೈಮೇಲೆ ದದ್ದು, ವಾಂತಿ, ಮಲದಲ್ಲಿ ರಕ್ತ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹಾಲಿನ ಅಲರ್ಜಿ ಇರಬಹುದು.

ಇನ್ನೊಂದು ಮಾತು, ಇದನ್ನು ಮೊಸರು ಇಷ್ಟಪಡುವ ಎಲ್ಲ ಮನೆಗಳಿಗೂ ಹೇಳುತ್ತೇನೆ. ಮೊಸರಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಮೂರು ಹೊತ್ತೂ ಮೊಸರನ್ನವೇ ಆದರೆ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಂತೆ ರಕ್ತಹೀನತೆ ಇದೆ. ಒಂದು ಹೊತ್ತಿಗೆ ಸಣ್ಣ ಬಟ್ಟಲು ಮೊಸರು, ಉಳಿದ ಹೊತ್ತುಗಳಿಗೆ ಸೊಪ್ಪು ಬೆರೆಸಿದ ಬೇಳೆ, ರಾಗಿ, ತಿನ್ನುವ ಮನೆಯಾದರೆ ಮೊಟ್ಟೆ, ಜೊತೆಗೆ ನಾಲ್ಕು ಹನಿ ನಿಂಬೆರಸ ಎಂದು ಬರೆದುಕೊಟ್ಟೆ. ಹತ್ತು ತಿಂಗಳ ಮಗನಿಗೆ ಎದೆಹಾಲು ಮುಂದುವರಿಯಲಿ.

ಸುಮಾ ಅವರೊಂದಿಗೆ ಪ್ರತ್ಯೇಕವಾಗಿ ಮಾತಾಡಿದ್ದು ಬೇರೆಯ ವಿಷಯ. ಕಪ್‌ನ ಹಿಂದೆ ಇದ್ದದ್ದು ಇಡೀ ದಿನ ಮಕ್ಕಳನ್ನು ಬಿಟ್ಟಿರುವ ಸಂಕಟ. ಸಂಜೆ ಏಳೂವರೆಗೆ ಬಾಗಿಲು ತೆರೆದಾಗ ಮಗಳು ಮೊದಲು ಚೀಲವನ್ನೇ ನೋಡುತ್ತಾಳೆ, ಬರಿಗೈಲಿ ಹೇಗೆ ಹೋಗುವುದು ಎಂದು ಕೇಳಿದರು. ತಿನ್ನುವ ವಸ್ತುವಿನ ಬದಲು ಒಂದು ಕೆಲಸವನ್ನು ಒಯ್ಯಿರಿ ಎಂದೆ. ಬಂದ ಮೇಲೆ ಅವಳೂ ನೀವೂ ಸೇರಿ ಹೆಪ್ಪು ಹಾಕಿ, ಚಮಚ ಅವಳ ಕೈಯಲ್ಲಿರಲಿ. ಅತ್ತೆಗೆ ಏನಾದರೂ ಹೇಳುವುದಿದ್ದರೆ ಮಕ್ಕಳ ಎದುರು ಬೇಡ, ಊಟದ ಹೊತ್ತಿನಲ್ಲಂತೂ ಬೇಡ.

ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೇ ಬಂದರು. ಮಗ ಸಪ್ಪೆ ಮೊಸರು ತಿನ್ನುತ್ತಿದ್ದಾನೆ. ಮಗಳ ಬಟ್ಟಲಿನಲ್ಲಿ ಅರ್ಧದಷ್ಟು ಕಪ್ ಇನ್ನೂ ಉಳಿದಿದೆ, ಕೆಲವು ದಿನ ರಂಪವೂ ಆಗುತ್ತದೆ. ಅದು ಸಾಕು, ಅವಸರ ಮಾಡಬೇಡಿ ಎಂದೆ. ಮಗಳು ಹೋಗುವ ಶಿಶುವಿಹಾರದಲ್ಲಿ ಸಂಜೆಯ ತಿಂಡಿಗೆ ಸಿಹಿ ಯೋಗರ್ಟ್ ಪಾನೀಯ ಕೊಡುತ್ತಾರೆಂದು ತಿಳಿಯಿತು. ಅವಳ ಡಬ್ಬಿಯನ್ನು ಮನೆಯಿಂದಲೇ ಕಳುಹಿಸಲು ಅನುಮತಿ ಕೇಳುವ ಪತ್ರವನ್ನು ಅಲ್ಲೇ ಕುಳಿತು ಸುಮಾ ಬರೆದರು. ದಂತವೈದ್ಯರ ಬಳಿ ಮಾತ್ರ ಇನ್ನೂ ಹೋಗಿರಲಿಲ್ಲ. ನೋವಿಲ್ಲವಲ್ಲ ಎಂದು ಮುಂದೂಡಿದ್ದರು. ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ ಎಂದು ತಿಳಿಸಿ, ನನ್ನ ಎದುರಿಗೇ ಫೋನ್ ಮಾಡಿಸಿ ಶನಿವಾರಕ್ಕೆ ಸಮಯ ಗೊತ್ತು ಮಾಡಿಸಿದೆ.