ಬಾಗಲಕೋಟೆಯ ಗುಡ್ಡಗಳಲ್ಲಿ ಕಲ್ಲಿದ್ದಲು ಸಿಗಬಹುದಾ?

ಲೋಕಾಪುರದ ಹತ್ತಿರ ನಿಮ್ಮ ಹೊಲದಲ್ಲಿ ಬೋರ್ ಕೊರೆಸುವಾಗ ಕಪ್ಪು ಕಲ್ಲಿನ ಚೂರು ಬಂದಿವೆ. ಮೇಘಾಲಯದ ಗುಡ್ಡಗಳಲ್ಲಿ ಕಲ್ಲಿದ್ದಲು ಇರುವಾಗ ನಮ್ಮ ಗುಡ್ಡಗಳಲ್ಲಿ ಯಾಕಿರಬಾರದು ಅಂತ ಕೇಳಿದ್ದೀರಿ. ನಾನು ಭೂವಿಜ್ಞಾನ ಓದಿದವನು, ಊರು ಕಲಾದಗಿ. ನೇರವಾಗಿ ಹೇಳುತ್ತೇನೆ: ಅದು ಕಲ್ಲಿದ್ದಲು ಅಲ್ಲ.

ಗುಡ್ಡಕ್ಕೂ ಕಲ್ಲಿದ್ದಲು ಹುಟ್ಟುವುದಕ್ಕೂ ಸಂಬಂಧ ಇಲ್ಲ. ಅದು ಹುಟ್ಟುವುದು ತಗ್ಗಿನ ಜೌಗು ನೆಲದಲ್ಲಿ. ಗಿಡಮರ ನೀರಿಗೆ ಬಿದ್ದು, ಗಾಳಿ ಸಿಗದೆ ಪೂರ್ತಿ ಕೊಳೆಯದೆ, ಮೇಲೆ ಮಣ್ಣು ಮರಳು ಕೂತು ಒತ್ತಿದಾಗ ಕೋಟಿಗಟ್ಟಲೆ ವರ್ಷದಲ್ಲಿ ಕಲ್ಲಿದ್ದಲಾಗುತ್ತದೆ. ನೆಲ ಎದ್ದು ಗುಡ್ಡವಾಗುವುದು ಆಮೇಲಿನ ಮಾತು. ಅಮೆರಿಕದ ಅಪಲಾಚಿಯನ್ ಬೆಟ್ಟಗಳಲ್ಲಿ ಆಗಿದ್ದೂ ಇದೇ. ಅಲ್ಲಿನ ಜೌಗು ಸುಮಾರು 30 ಕೋಟಿ ವರ್ಷ ಹಿಂದಿನದು. ನೆಲ ಮೇಲೆದ್ದ ಮೇಲೆ ಹಳ್ಳಗಳು ಕೊರೆದು ಕಣಿವೆ ಮಾಡಿದವು, ಕಪ್ಪು ಪದರ ಗುಡ್ಡದ ಪಕ್ಕೆಯಲ್ಲೇ ಕಾಣುವಂತಾಯಿತು. ಹಾಗಾಗಿ ಅಲ್ಲಿ ಎಷ್ಟೋ ಕಡೆ ಕೆಳಕ್ಕೆ ಬಾವಿ ತೋಡದೆ ಗುಡ್ಡದ ಪಕ್ಕದಿಂದಲೇ ಅಡ್ಡಕ್ಕೆ ಸುರಂಗ ಹೊಡೆದರು.

ಮೇಘಾಲಯದ ಪದರಗಳು ತುಂಬಾ ತೆಳು. ಮನುಷ್ಯ ನಿಲ್ಲಲು ಆಗುವುದಿಲ್ಲ, ತೆವಳಿಕೊಂಡೇ ಹೋಗಿ ಗುದ್ದಲಿಯಲ್ಲಿ ಕೀಳಬೇಕು. ಆ ಇಲಿಬಿಲದ ಗಣಿಗಾರಿಕೆಯನ್ನು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿತು. ಆದರೂ 2018ರ ಡಿಸೆಂಬರ್‌ನಲ್ಲಿ ಅಂಥದ್ದೇ ಒಂದು ಗಣಿಗೆ ನೀರು ನುಗ್ಗಿ 15 ಜನ ಒಳಗೇ ಸಿಕ್ಕಿಕೊಂಡರು. ಅಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಗಣಿಯಿಂದ ಹರಿದ ನೀರು ಆಮ್ಲವಾಗಿ ಹಳ್ಳಗಳಲ್ಲಿ ಮೀನೇ ಉಳಿಯದಂತಾಯಿತು. ಅಂಥದ್ದು ನಮ್ಮೂರಿಗೂ ಬರಲಿ ಅಂತ ನಾನಂತೂ ಆಸೆಪಡುವುದಿಲ್ಲ.

ಇನ್ನು ನಮ್ಮ ಕಲ್ಲು. ಬಾಗಲಕೋಟೆ, ಗೋಕಾಕ ಕಡೆಯ ಬೆಣಚುಕಲ್ಲು, ಸುಣ್ಣದಕಲ್ಲು, ಜೇಡಿಗಲ್ಲು (ಜೇಡಿಮಣ್ಣು ಗಟ್ಟಿಯಾಗಿ ಆದ ಕಲ್ಲು) ಎಲ್ಲ ನೀರಲ್ಲಿ ಕೂತ ಪದರಗಳೇ. ನಿಮ್ಮ ಚೂರೂ ಕಪ್ಪು ಜೇಡಿಗಲ್ಲೇ ಇರಬೇಕು. ಆದರೆ ಈ ಪದರಗಳು ಕೂತಾಗ ನೆಲದ ಮೇಲೆ ಒಂದು ಗಿಡವೂ ಇರಲಿಲ್ಲ! ನೆಲದ ಗಿಡಗಳು ಬಂದು ಸುಮಾರು 47 ಕೋಟಿ ವರ್ಷ ಆಗಿದೆ. ನಮ್ಮ ಕಲ್ಲಿನಲ್ಲಿ ಬಹುಪಾಲು ಅದಕ್ಕಿಂತ ಎಷ್ಟೋ ಹಳೆಯದು. ಗಿಡವೇ ಇಲ್ಲದ ಮೇಲೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ವಿಜಯಪುರದ ಕರಿಕಲ್ಲಂತೂ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ನಾಗಪುರದ ಕಡೆ ಆ ಕರಿಕಲ್ಲಿನ ಕೆಳಗೂ ಕಲ್ಲಿದ್ದಲು ಇದೆ, ನಿಜ. ನಮ್ಮ ಕಡೆ ಅದರ ಕೆಳಗಿರುವುದು ಇದೇ ಹಳೇ ಕಲ್ಲು. ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲಿ ಬರುವುದು ಸುಮ್ನೆ ಅಲ್ಲ.

ನಿಮ್ಮ ಸಮಾಧಾನಕ್ಕೆ ಒಂದು ಚೂರನ್ನು ಕೆಂಡದ ಮೇಲಿಟ್ಟು ನೋಡಿ. ಕಲ್ಲಿದ್ದಲಾದರೆ ಹೊಗೆ ಬಂದು ಹೊತ್ತಿಕೊಳ್ಳುತ್ತದೆ, ಬೂದಿ ಉಳಿಯುತ್ತದೆ. ಜೇಡಿಗಲ್ಲಾದರೆ ಕಾಯುತ್ತದೆ, ಸೀಳಬಹುದು, ಉರಿಯುವುದಿಲ್ಲ. ಕೈಯಲ್ಲಿ ಹಿಡಿದರೂ ತಿಳಿಯುತ್ತದೆ: ಕಲ್ಲಿದ್ದಲಿನ ತೂಕ ಅಷ್ಟೇ ಗಾತ್ರದ ಕಲ್ಲಿನ ಅರ್ಧದಷ್ಟು. "ಸರ್ವೆ ಮಾಡಿಸಿ, ನಿಕ್ಷೇಪ ತೋರಿಸುತ್ತೇವೆ" ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಆ ಚೂರುಗಳನ್ನು ಎಸೆಯಲೂ ಬೇಡಿ. ಕಪ್ಪು ಕಲ್ಲು ಎಷ್ಟು ಅಡಿಗೆ ಶುರುವಾಗಿ ಎಷ್ಟು ಅಡಿಗೆ ಮುಗಿಯಿತು ಅಂತ ಬರೆದಿಡಿ. ಲೋಕಾಪುರದ ಕಡೆ ಸುಣ್ಣದಕಲ್ಲು ಇದೆ. ಅದರ ಬಿರುಕು, ಪೊಳ್ಳುಗಳಲ್ಲಿ ನೀರು ನಿಲ್ಲುತ್ತದೆ, ಗಟ್ಟಿ ಜೇಡಿಗಲ್ಲಿನಲ್ಲಿ ಕಡಿಮೆ. ಮುಂದಿನ ಬೋರ್ ಎಲ್ಲಿ ಹಾಕಬೇಕು, ಎಷ್ಟು ಆಳಕ್ಕೆ ನಿಲ್ಲಿಸಬೇಕು ಅನ್ನುವುದಕ್ಕೆ ಆ ಲೆಕ್ಕ ಬೇಕಾಗುತ್ತದೆ.